ಹಚ್ಚಿದ ಬಣ್ಣ ಬಿಡಿಸೋಕೆ 99 ಪರ್ಸೆಂಟ್ ಐಪಿಎ: ನಾಲ್ಕು ಬಾಟಲಿ ಖಾಲಿ ಮಾಡಿದ ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಪ್ಲಾಸ್ಟಿಕ್ ಕಿಟ್ ತಂದು ಕಟ್ಟೋ ಪುಟ್ಟ ವಿಮಾನ, ಟ್ಯಾಂಕ್, ಕಾರಿನ ಮಾಡೆಲ್‌ಗೆ ಹಚ್ಚೋ ಬಣ್ಣದ ರಿವ್ಯೂ ಅಲ್ಲ, ಹಚ್ಚಿ ಕೆಡಿಸ್ಕೊಂಡಿದ್ದನ್ನ ತೆಗೆಯೋ ದ್ರವದ ರಿವ್ಯೂ. ಐಸೊಪ್ರೊಪೈಲ್ ಆಲ್ಕೋಹಾಲ್, ಎಲ್ರೂ ಐಪಿಎ ಅಂತಾರಲ್ಲ ಅದು, 99 ಪರ್ಸೆಂಟ್ ಅಂತ ಲೇಬಲ್ ಇರೋ ಒಂದು ಲೀಟರ್ ಬಾಟಲಿ. ಯಾವ ಕಂಪನಿದು ಅಂತ ಕೇಳ್ಬೇಡಿ, ಮೂರು ಬೇರೆ ಬೇರೆ ಕಂಪನಿದು ತಗೊಂಡಿದೀನಿ, ಕೆಲಸದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣ್ಲಿಲ್ಲ. ವ್ಯತ್ಯಾಸ ಇದ್ದಿದ್ದು ಮುಚ್ಚಳದಲ್ಲಿ, ಅದಕ್ಕೆ ಆಮೇಲೆ ಬರ್ತೀನಿ.

ಇದೆಲ್ಲ ಶುರುವಾಗಿದ್ದು ಒಂದು ಸ್ಪಿಟ್‌ಫೈರ್‌ನಿಂದ. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ, 1:72 ಸ್ಕೇಲು (ನಿಜದ್ದಕ್ಕಿಂತ 72 ಪಟ್ಟು ಚಿಕ್ಕದು), ಮಾರ್ಕ್ 9 ಅನ್ನೋ ಮಾದರಿ. ಮೂರು ವಾರ ಕೂತು ಮೇಲ್ಗಡೆ ಕಡು ಹಸಿರು ಮತ್ತೆ ಮಣ್ಣಿನ ಕಂದು, ಕೆಳಗಡೆ ಆ ತಿಳಿ ಹಸಿರು ಮಿಶ್ರಿತ ಸ್ಕೈ ಬಣ್ಣ, ಎಲ್ಲ ಟೇಪ್ ಅಂಟಿಸಿ ಮರೆ ಮಾಡಿ ಮಾಡಿ ಹೊಡೆದು, ಫೋಟೋ ತೆಗೆದು ಗೆಳೆಯನಿಗೆ ಕಳಿಸ್ದೆ. ಭೇಷ್ ಅಂತಾನೆ ಅಂದ್ಕೊಂಡಿದ್ದೆ. ಅವನು ಫೋನ್ ಮಾಡಿ, "ಲೋ, ಮಾರ್ಕ್ 9 ಸ್ಕ್ವಾಡ್ರನ್‌ಗೆ ಬಂದಿದ್ದೇ 1942ರಲ್ಲಿ ಕಣೋ, ಇಂಗ್ಲೆಂಡಿಂದ ಹಾರೋ ಫೈಟರ್‌ಗಳಿಗೆ ಆ ಕಂದು ಬಿಟ್ಟು ಬೂದು ಹಾಕೋಕೆ ಶುರು ಮಾಡಿದ್ದು 1941ರ ಆಗಸ್ಟ್‌ನಲ್ಲಿ, ಕೂಸು ಹುಟ್ಟೋಕೆ ಮುಂಚೆನೇ ಕುಲಾವಿ ಹೊಲಿಸಿದೀಯಲ್ಲೋ" ಅಂದ. ಮೆಡಿಟರೇನಿಯನ್ ಕಡೆ ಕಂದು ಇತ್ತು ಕಣೋ ಅಂತ ವಾದ ಮಾಡೋಣ ಅಂತ ಬಾಯಿ ತೆಗ್ದೆ, ಆದ್ರೆ ಅಲ್ಲಿ ಕಂದಿನ ಜೊತೆ ಇದ್ದಿದ್ದು ಮರಳಿನ ಬಣ್ಣ, ಹಸಿರಲ್ಲ, ಅದು ಅವನಿಗೂ ಗೊತ್ತು ನನಗೂ ಗೊತ್ತು. ಸುಮ್ನಾದೆ. ಅದೂ ಅಲ್ದೆ ನಿಜ ಹೇಳ್ಬೇಕು ಅಂದ್ರೆ ಬಣ್ಣ ಚೆನ್ನಾಗೂ ಬಂದಿರ್ಲಿಲ್ಲ, ಬಲಗಡೆ ರೆಕ್ಕೆ ಮೇಲೆ ಏರ್‌ಬ್ರಷ್ (ಬಣ್ಣ ಸಿಂಪಡಿಸೋ ಪೆನ್ನಿನಂಥ ಸಾಧನ) ದೂರದಿಂದ ಹಿಡಿದಿದ್ದಕ್ಕೆ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಬಿದ್ದು ಮೈಯೆಲ್ಲ ಮರಳು ಕಾಗದದ ಹಾಗೆ ತರಿತರಿ ಆಗಿತ್ತು, ಫೋಟೋದಲ್ಲಿ ಆ ಕಡೆ ತೋರಿಸಿರ್ಲಿಲ್ಲ ಅಷ್ಟೇ.

ಅದರ ಮೇಲೇ ಬೂದು ಹೊಡೆದ್ರೆ ಆಯ್ತಲ್ಲ ಅಂತ ಕೇಳೋರಿಗೆ ಒಂದು ಸಣ್ಣ ಲೆಕ್ಕ. ಮಾಡೆಲ್ ಮೇಲೆ 0.1 ಮಿಲಿಮೀಟರ್ ದಪ್ಪ ಬಣ್ಣ ಕೂತಿದೆ ಅಂದ್ಕೊಳ್ಳಿ, 72 ಪಟ್ಟು ದೊಡ್ಡದು ಮಾಡಿದ್ರೆ ನಿಜವಾದ ವಿಮಾನದ ಮೇಲೆ 7.2 ಮಿಲಿಮೀಟರ್ ದಪ್ಪ ಬಳಿದ ಹಾಗೆ. ಪ್ಯಾನಲ್ ಲೈನ್, ಅಂದ್ರೆ ತಗಡುಗಳ ನಡುವಿನ ಸಣ್ಣ ಗೆರೆಗಳು, ಎಲ್ಲ ತುಂಬ್ಕೊಂಡು ಹೋಗುತ್ತೆ, ರಿವೆಟ್ಟು ಮಾಯ, ವಿಮಾನ ಸೋಪಿನಲ್ಲಿ ಕೆತ್ತಿದ ಹಾಗೆ ಕಾಣುತ್ತೆ. ಒಂದೆರಡು ಕಡೆ ಧೂಳು ಕೂತಿದ್ರೆ, ಸಣ್ಣ ತರಿ ಇದ್ರೆ, 2000 ನಂಬರಿನ ಮರಳು ಕಾಗದ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದ್ರೆ ಸಾಕು, ಪೂರ್ತಿ ಬಿಡಿಸೋ ಉಸಾಬರಿ ಬೇಡ. ನಂದು ಆ ಹಂತ ದಾಟಿತ್ತು.

ಸರಿ, ಐಪಿಎ ವಿಷಯ. ಮನೇಲಿ ಆಗ್ಲೇ 70 ಪರ್ಸೆಂಟಿನ ಒಂದು ಸಣ್ಣ ಬಾಟಲಿ ಇತ್ತು, ಗಾಯ ಒರೆಸೋಕೆ ಅಂತ ಇಟ್ಟಿದ್ದು. ಅದೇ ಸಾಕೋ ಇಲ್ಲ 99ನೇ ಬೇಕೋ ಅಂತ ತಲೆ ಕೆಡಿಸ್ಕೊಳ್ಳೋ ಬದ್ಲು ಎಡಗಡೆ ರೆಕ್ಕೆ 70ರಲ್ಲಿ, ಬಲಗಡೆ ರೆಕ್ಕೆ 99ರಲ್ಲಿ ಮುಳುಗಿಸಿ ಇಟ್ಟೆ (ರೆಕ್ಕೆ ಹೇಗೆ ಬೇರೆ ಆಯ್ತು ಅಂತ ಕೇಳ್ತೀರಾ, ಗೆಳೆಯ ಫೋನ್ ಇಟ್ಟ ಮೇಲೆ ಬಂದ ಸಿಟ್ಟಲ್ಲಿ ಆಯ್ತು). ನಾನು ಹೊಡೆದಿದ್ದು ಟಮಿಯಾ ಕಂಪನಿಯ ಎಕ್ಸ್‌ಎಫ್ ಸಾಲಿನ ಅಕ್ರಿಲಿಕ್, ಅದರ ಥಿನ್ನರ್ರೇ ಆಲ್ಕೋಹಾಲ್ ಜಾತಿದು, ಹಾಗಾಗಿ ಐಪಿಎ ಕಂಡ್ರೆ ಕರಗಿ ನೀರಾಗುತ್ತೆ. 99ರಲ್ಲಿ ಐದು ನಿಮಿಷಕ್ಕೇ ದ್ರವ ಕಂದು ಬಣ್ಣಕ್ಕೆ ತಿರುಗ್ತು, ಇಪ್ಪತ್ತು ನಿಮಿಷಕ್ಕೆ ಹಳೇ ಟೂತ್‌ಬ್ರಷ್ಷಲ್ಲಿ ನಾಲ್ಕು ಸಲ ಎಳೆದ್ರೆ ಬೂದು ಪ್ಲಾಸ್ಟಿಕ್ ಕಂಡೇಬಿಡ್ತು. 70ರದ್ದು ರಾತ್ರಿಯೆಲ್ಲ ನೆನೆದು ಬೆಳಗ್ಗೆ ನೋಡಿದ್ರೆ ಬಣ್ಣ ಮೆತ್ತಗಾಗಿದೆ, ಆದ್ರೆ ಉಜ್ಜಿ ಉಜ್ಜಿ ಕೈ ನೋವು ಬರ್ಬೇಕು, ಪ್ಯಾನಲ್ ಲೈನ್ ಒಳಗಿನದಂತೂ ಬರೋದೇ ಇಲ್ಲ ಅಂತ ಕೂತಿತ್ತು. ಆ 30 ಪರ್ಸೆಂಟ್ ನೀರು ಸುಮ್ನೆ ಇರೋದಲ್ಲ, ಕೆಲಸಕ್ಕೆ ಅಡ್ಡಗಾಲು ಹಾಕುತ್ತೆ. ಗಾಯಕ್ಕೆ 70 ಒಳ್ಳೇದು ಅಂತಾರೆ, ಅದು ಬೇರೆ ಲೆಕ್ಕ, ಅಲ್ಲಿ ನೀರು ಬೇಕು. ಇಲ್ಲಿ ಬೇಡ. ಇನ್ನೊಂದು, ಕೈಗೆ ಹಚ್ಚೋ ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್, ಸೆಂಟು ಎಲ್ಲ ಇರುತ್ತೆ, ಅದು ಪ್ಲಾಸ್ಟಿಕ್ ಮೇಲೆ ಉಳ್ಕೊಂಡ್ರೆ ಮುಂದಿನ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯೋ ತಳದ ಪದರ) ಕೂರಲ್ಲ, ಒಂದು ಸಣ್ಣ ಜಾಗ ಮಾತ್ರ ತೆಗೀಬೇಕು ಅಂದ್ರೆ ಜೆಲ್ ಹರಿಯದೆ ಒಂದೇ ಕಡೆ ನಿಲ್ಲುತ್ತೆ ಅನ್ನೋ ಉಪಯೋಗ ಇದೆ, ಆದ್ರೆ ಆಮೇಲೆ ಸೋಪು ಹಾಕಿ ಚೆನ್ನಾಗಿ ತೊಳೀಬೇಕು.

ನಾನು ಮಾಡೋ ರೀತಿ ಹೀಗೆ. ಅಗಲ ಬಾಯಿಯ ಗಾಜಿನ ಜಾಡಿ, ಗಟ್ಟಿ ಮುಚ್ಚಳ ಇರೋದು, ಭಾಗಗಳು ಮುಳುಗೋ ಅಷ್ಟು ಮಾತ್ರ ಐಪಿಎ. ದೊಡ್ಡ ಭಾಗ ಆದ್ರೆ ಜಿಪ್ ಕವರ್, ಗಾಳಿ ಎಲ್ಲ ತೆಗೆದು ಮುಚ್ಚಿದ್ರೆ ಅರ್ಧ ದ್ರವದಲ್ಲೇ ಕೆಲಸ ಮುಗಿಯುತ್ತೆ, ಕೆಳಗೆ ಒಂದು ಟ್ರೇ ಇಟ್ಕೊಳ್ಳಿ, ಕವರ್ ಯಾವತ್ತು ತೂತಾಗುತ್ತೆ ಅಂತ ಹೇಳೋಕಾಗಲ್ಲ. ಇಪ್ಪತ್ತು ನಿಮಿಷ ನೆನೆಸೋದು, ತೆಗೆದು ಉಜ್ಜೋದು, ಮತ್ತೆ ಹಾಕೋದು, ಹೀಗೆ ಎರಡು ಮೂರು ಸುತ್ತು. ಒಂದೇ ಸಲ ಎರಡು ದಿನ ಮುಳುಗಿಸಿಟ್ಟು ಮರ್ತುಬಿಡೋರು ಇದಾರೆ, ಕಿಟ್‌ನ ಪ್ಲಾಸ್ಟಿಕ್, ಅಂದ್ರೆ ಪಾಲಿಸ್ಟೈರೀನ್, ಐಪಿಎನಲ್ಲಿ ಕರಗಲ್ಲ ನಿಜ, ಆದ್ರೆ ತುಂಬಾ ಹೊತ್ತು ಬಿಟ್ರೆ ತೆಳ್ಳಗಿರೋ ಭಾಗಗಳು ಗಡಸಾಗಿ ಪುಟ್ ಅಂತ ಮುರಿಯುತ್ವೆ, ನಂದು ಒಂದು ಲ್ಯಾಂಡಿಂಗ್ ಗೇರಿನ ಕಾಲು ಹಾಗೇ ಹೋಯ್ತು. ಮೂಲೆ ಮೂಲೆಗೆ ಮರದ ಹಲ್ಲುಕಡ್ಡಿ, ತುದಿ ಸ್ವಲ್ಪ ಜಜ್ಜಿ ಬ್ರಷ್ ಥರ ಮಾಡ್ಕೊಂಡ್ರೆ ಪ್ಯಾನಲ್ ಲೈನ್ ಒಳಗಡೆದು ಎಳ್ಕೊಂಡು ಬರುತ್ತೆ. ಸೂಜಿ ಬೇಡ, ತಂತಿ ಬ್ರಷ್ ಅಂತೂ ಬೇಡ್ವೇ ಬೇಡ, ಗೀರು ಬಿದ್ರೆ ಪ್ರೈಮರ್ ಹೊಡೆದ ಮೇಲೆ ಇನ್ನೂ ಎದ್ದು ಕಾಣುತ್ತೆ. ಕೊನೆಗೆ ಪಾತ್ರೆ ತೊಳೆಯೋ ಸೋಪು, ಉಗುರುಬೆಚ್ಚಗಿನ ನೀರು, ಒಂದು ರಾತ್ರಿ ಒಣಗಿಸೋದು, ಮುಗೀತು.

ಎಲ್ಲ ಅಕ್ರಿಲಿಕ್ಕೂ ಒಂದೇ ಥರ ಬಿಡಲ್ಲ, ಇದು ಎರಡನೇ ಬಾಟಲಿಯಲ್ಲಿ ಗೊತ್ತಾಗಿದ್ದು. ಡ್ರಾಪರ್ ಬಾಟಲಿಯಲ್ಲಿ ಬರೋ ನೀರಿನ ಅಕ್ರಿಲಿಕ್ ಇದಾವಲ್ಲ, ಅವು ಕರಗೋಕಿಂತ ಹೆಚ್ಚಾಗಿ ಉಬ್ಬಿ, ಸುಕ್ಕುಗಟ್ಟಿ, ಹಾವು ಪೊರೆ ಬಿಟ್ಟ ಹಾಗೆ ಹಾಳೆ ಹಾಳೆಯಾಗಿ ಎದ್ದು ಬರ್ತವೆ. ನೋಡೋಕೆ ಭಾರಿ ಮಜಾ. ಒಂದು ಕಾರಿನ ಬಾನೆಟ್ ಮೇಲಿಂದ ಇಡೀ ಬಣ್ಣ ಒಂದೇ ತುಂಡಾಗಿ, ಬಾನೆಟ್ ಆಕಾರದಲ್ಲೇ ಕಳಚ್ಕೊಂಡು ಬಂತು, ಅದನ್ನ ಬಿಸಾಕೋಕೆ ಮನಸ್ಸು ಬರ್ದೆ ಒಂದು ವಾರ ಟೇಬಲ್ ಮೇಲೆ ಇಟ್ಟಿದ್ದೆ.

ಈಗ ಒಂದು ಎಚ್ಚರಿಕೆ, ಬಣ್ಣದ ಜೊತೆ ಇನ್ನೇನೇನು ಕಳಚುತ್ತೆ ಅಂತ. ಪ್ಲಾಸ್ಟಿಕ್ ಸಿಮೆಂಟ್‌ನಲ್ಲಿ ಅಂಟಿಸಿದ್ದು ಏನೂ ಆಗಲ್ಲ, ಅಲ್ಲಿ ಎರಡು ಪ್ಲಾಸ್ಟಿಕ್ಕೂ ಕರಗಿ ಒಂದಾಗಿರುತ್ತೆ, ಅದು ಬೆಸುಗೆ ಇದ್ದ ಹಾಗೆ. ಬಿಳಿ ಪಿವಿಎ ಗೋಂದಲ್ಲಿ ಕೂರಿಸಿದ ಕೆನೊಪಿ (ಪೈಲಟ್ ತಲೆ ಮೇಲಿನ ಗಾಜಿನಂಥ ಮುಚ್ಚಳ), ಗೋಂದು ಮೆತ್ತಗಾಗಿ ಬಿಟ್ಕೊಳ್ಳುತ್ತೆ. ಸೂಪರ್ ಗ್ಲೂ ಐಪಿಎಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ, ಆದ್ರೆ ಅದು ಮೊದ್ಲೇ ಬಿರುಸು, ಟೂತ್‌ಬ್ರಷ್ ತಗುಲಿದ್ರೆ ಟಿಕ್ ಅಂತ ಬಿಡುತ್ತೆ, ಫೋಟೋ ಎಚ್ ಅಂತಾರಲ್ಲ, ಆ ತೆಳು ಹಿತ್ತಾಳೆ ತಗಡಿನ ಸಣ್ಣ ಸಣ್ಣ ತುಂಡುಗಳು ಜಾಡಿ ತಳದಲ್ಲಿ ಸಿಗ್ತವೆ. ಅದಕ್ಕೆ ದ್ರವ ಚೆಲ್ಲೋ ಮುಂಚೆ ಒಂದು ಹಳೇ ಬಟ್ಟೆಯಲ್ಲಿ ಸೋಸ್ಕೊಳ್ಳಿ. ನಾನು ಸೋಸದೆ ಚೆಲ್ಲಿ, ಪಿಟೋ ಟ್ಯೂಬಿಗೆ (ವಿಮಾನದ ವೇಗ ಅಳೆಯೋ ಸಣ್ಣ ಕೊಳವೆ) ಅರ್ಧ ಗಂಟೆ ಮಣ್ಣಲ್ಲಿ ಹುಡುಕಿದೀನಿ, ಸಿಗ್ಲಿಲ್ಲ, ಕೊನೆಗೆ ಸ್ಪ್ರೂ (ಕಿಟ್‌ನ ಭಾಗಗಳು ಅಂಟ್ಕೊಂಡು ಬರೋ ಪ್ಲಾಸ್ಟಿಕ್ ಚೌಕಟ್ಟು) ಬಿಸಿ ಮಾಡಿ ಎಳೆದು ಹೊಸದು ಮಾಡ್ದೆ.

ರೋಬೋಟ್ ಕಿಟ್ ಮಾಡೋರು ಇನ್ನೂ ಜಾಸ್ತಿ ಹುಷಾರಾಗಿರ್ಬೇಕು. ಕೆಲವು ಕಿಟ್‌ಗಳ ಸ್ಪ್ರೂ ಮೇಲೇ ಪಿಎಸ್ (ಪಾಲಿಸ್ಟೈರೀನ್), ಎಬಿಎಸ್ (ಇನ್ನೊಂದು ಜಾತಿ ಪ್ಲಾಸ್ಟಿಕ್) ಅಂತ ಅಚ್ಚಾಗಿರುತ್ತೆ, ಆ ಎಬಿಎಸ್ ಭಾಗಗಳನ್ನ ಕೀಲಲ್ಲಿ ಒತ್ತಿ ಕೂರಿಸಿದ ಸ್ಥಿತಿಯಲ್ಲೇ ಸಾಲ್ವೆಂಟಲ್ಲಿ ಮುಳುಗಿಸಿದ್ರೆ ಬಿರುಕು ಬಿಡ್ಬಹುದು, ಪೂರ್ತಿ ಬಿಚ್ಚಿ ಬಿಡಿ ಬಿಡಿ ಮಾಡಿ, ಸ್ವಲ್ಪ ಹೊತ್ತು ಮಾತ್ರ ಇಟ್ಟು ತೆಗೀರಿ.

ಇನ್ನು ಐಪಿಎ ಸೋತಿದ್ದು ಎಲ್ಲಿ. ಒಂದು, ಪ್ರೈಮರ್. ಸ್ಪ್ರೇ ಡಬ್ಬಿಯ ಲ್ಯಾಕರ್ ಪ್ರೈಮರ್ ಮೇಲೆ ಬಣ್ಣ ಇತ್ತು, ಬಣ್ಣ ಹೋಯ್ತು, ಪ್ರೈಮರ್ ಮೇಲ್ಮೈ ಸ್ವಲ್ಪ ಮೆತ್ತಗಾಯ್ತೇ ಹೊರತು ಹೋಗ್ಲಿಲ್ಲ. ಮೊದಮೊದ್ಲು ಅದನ್ನೂ ತೆಗೀಲೇಬೇಕು ಅಂತ ಹಟ ಹಿಡಿದು ಎರಡು ದಿನ ಹಾಳು ಮಾಡ್ಕೊಂಡೆ. ಆಮೇಲೆ ಬುದ್ಧಿ ಬಂತು, ಪ್ರೈಮರ್ ತೆಳ್ಳಗೆ, ನುಣ್ಣಗೆ ಕೂತಿದೆ ಅಂದ್ಮೇಲೆ ಅದು ಅಲ್ಲೇ ಇದ್ರೆ ಏನು ತೊಂದ್ರೆ? ಹೇಗೂ ಮತ್ತೆ ಪ್ರೈಮರ್ ಹೊಡೀತೀವಲ್ಲ. ಈಗ ಬಣ್ಣ ಹೋಗಿ ಪ್ರೈಮರ್ ಉಳಿದ್ರೆ ಖುಷಿಯಾಗಿ ಅಲ್ಲಿಗೇ ನಿಲ್ಲಿಸ್ತೀನಿ.

ಎರಡು, ಹಳೇ ಎನಾಮಲ್. ಇಲ್ಲಿ ಐಪಿಎ ನಿಜವಾಗ್ಲೂ ಕೈ ಚೆಲ್ಲಿಬಿಡ್ತು. ಬೇರೆಯವರು ಕಟ್ಟಿದ್ದ ಒಂದು ಟಿ-34 ಟ್ಯಾಂಕ್, 1:35, ನನ್ನ ಕೈಗೆ ಬಂತು, ಬ್ರಷ್ಷಲ್ಲಿ ಮೂರು ನಾಲ್ಕು ಕೋಟು ಎನಾಮಲ್ ಬಳಿದು ಎಷ್ಟೋ ವರ್ಷ ಆಗಿದೆ, ಹಂಬ್ರೋಲ್‌ನ 14 ಎಂಎಲ್ ಪುಟ್ಟ ಡಬ್ಬಿಗಳ ಕಾಲದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ. ಐಪಿಎನಲ್ಲಿ ಇಡೀ ದಿನ ಇಟ್ಟೆ. ಬಣ್ಣ ತೊಳೆದು ಇನ್ನೂ ಫಳಫಳ ಅಂತಿತ್ತು. ಕಾರಣ ಇದೆ, ಎನಾಮಲ್ ಅನ್ನೋದು ಬರೀ ಒಣಗೋ ಬಣ್ಣ ಅಲ್ಲ, ಎಣ್ಣೆ ಮೂಲದ ರಾಳ ಗಾಳಿಯಲ್ಲಿರೋ ಆಮ್ಲಜನಕ ಹಿಡ್ಕೊಂಡು ಗಟ್ಟಿ ಬಲೆ ಹೆಣೆದುಕೊಳ್ಳುತ್ತೆ, ವರ್ಷ ಕಳೆದಷ್ಟೂ ಗಟ್ಟಿ. ಅದನ್ನ ಕರಗಿಸೋದಲ್ಲ, ಮುರೀಬೇಕು. ಮುರಿಯೋದು ಕ್ಷಾರ. ಓವನ್ ಕ್ಲೀನರ್ ಸ್ಪ್ರೇ ಇದೆಯಲ್ಲ, ಕಾಸ್ಟಿಕ್ ಸೋಡಾ ಇರೋದು, ಅದನ್ನ ಜಿಪ್ ಕವರ್ ಒಳಗೆ ಟ್ಯಾಂಕ್ ಮೇಲೆ ನೊರೆ ನೊರೆಯಾಗಿ ಹೊಡೆದು ರಾತ್ರಿ ಬಿಟ್ಟೆ. ಎಣ್ಣೆ ಮತ್ತೆ ಕ್ಷಾರ ಸೇರಿದ್ರೆ ಏನಾಗುತ್ತೆ, ಸೋಪಾಗುತ್ತೆ, ಇಲ್ಲೂ ಹೆಚ್ಚು ಕಡಿಮೆ ಅದೇ ಆಟ. ಬೆಳಗ್ಗೆ ನಲ್ಲಿ ಕೆಳಗೆ ಹಿಡಿದ್ರೆ ಹಸಿರು ಬಣ್ಣ ಕೆಸರಿನ ಹಾಗೆ ಇಳಿದು ಹೋಯ್ತು. ಪಾಲಿಸ್ಟೈರೀನ್‌ಗೆ ಕ್ಷಾರದಿಂದ ಏನೂ ಆಗಲ್ಲ, ಪ್ಲಾಸ್ಟಿಕ್ ಹೊಸ ಡಬ್ಬಿಯಿಂದ ತೆಗೆದ ಹಾಗಿತ್ತು.

ಆದ್ರೆ ಮಾರಾಯ್ರೆ, ಆ ಟ್ಯಾಂಕಿನ ಬ್ಯಾರಲ್! ಹಳೇ ಯಜಮಾನ್ರು ಪ್ಲಾಸ್ಟಿಕ್ ಬ್ಯಾರಲ್ ತೆಗೆದು ಕಡೆದ ಅಲ್ಯುಮಿನಿಯಂ ಬ್ಯಾರಲ್ ಹಾಕಿದ್ರು, ಮೇಲೆ ಬಣ್ಣ ಇದ್ದಿದ್ರಿಂದ ನನಗೆ ಗೊತ್ತೇ ಆಗ್ಲಿಲ್ಲ. ಕಾಸ್ಟಿಕ್ ಅಲ್ಯುಮಿನಿಯಂನ ತಿನ್ನುತ್ತೆ, ತಿಂದು ಹೈಡ್ರೋಜನ್ ಬಿಡುತ್ತೆ. ಬೆಳಗ್ಗೆ ಕವರ್ ಊದ್ಕೊಂಡಿತ್ತು, ಬ್ಯಾರಲ್ ಮೇಲೆ ಸಿಡುಬಿನ ಕಲೆ ಥರ ಗುಳಿ ಗುಳಿ. ಅದಕ್ಕೆ ಈಗ ಕ್ಷಾರದ ಹತ್ರ ಹೋಗೋ ಮುಂಚೆ ಪ್ರತಿ ಭಾಗಾನೂ ಉಗುರಲ್ಲಿ ತಟ್ಟಿ ನೋಡ್ತೀನಿ, ಲೋಹದ ಸದ್ದೇ ಬೇರೆ. ಗ್ಲೌಸ್, ಕಣ್ಣಿಗೆ ಗಾಗಲ್ಸ್, ಎರಡೂ ಇಲ್ದೆ ಈ ವಸ್ತು ಮುಟ್ಟಲೇಬೇಡಿ, ಚರ್ಮಕ್ಕೂ ಕಣ್ಣಿಗೂ ಇದು ಬಣ್ಣಕ್ಕೆ ಮಾಡೋದನ್ನೇ ಮಾಡುತ್ತೆ.

ಉಳಿದ "ಅಣ್ಣ ಇದು ಟ್ರೈ ಮಾಡು" ಪಟ್ಟಿಯಲ್ಲಿ ಮೊದಲನೇದು ಬ್ರೇಕ್ ಆಯಿಲ್. ಹಳಬರು ಇದರ ಮೇಲೆ ಆಣೆ ಇಟ್ಟು ಹೇಳ್ತಾರೆ. ಕೆಲಸ ಮಾಡುತ್ತೆ, ಸುಳ್ಳಲ್ಲ, ಡಾಟ್ 3 ಮತ್ತೆ ಡಾಟ್ 4 ಅನ್ನೋ ದರ್ಜೆಯವು ಗ್ಲೈಕಾಲ್ ಈಥರ್ ಜಾತಿ, ಕಾರಿನ ಮೈ ಮೇಲೆ ಒಂದು ಹನಿ ಬಿದ್ರೇ ಪೇಂಟ್ ಎಬ್ಬಿಸೋ ವಸ್ತು ಅದು. ಆದ್ರೆ ಡಾಟ್ 5 ತಂದು ಮೂರು ದಿನ ನೆನೆಸಿ ಏನೂ ಆಗ್ಲಿಲ್ಲ ಅಂತ ಬೈಯ್ಯೋರೂ ಇದಾರೆ, ಡಾಟ್ 5 ಅಂದ್ರೆ ಸಿಲಿಕೋನ್, ಅದು ಬಣ್ಣ ತೆಗೆಯೋದೇ ಇಲ್ಲ, ಬದಲಿಗೆ ಸಿಲಿಕೋನ್ ಜಿಡ್ಡು ಮೆತ್ಕೊಂಡ್ರೆ ಹೊಸ ಬಣ್ಣಾನೂ ಕೂರಲ್ಲ. ನನಗಂತೂ ಬ್ರೇಕ್ ಆಯಿಲ್ ಇಷ್ಟ ಆಗ್ಲಿಲ್ಲ, ಜಿಡ್ಡು, ವಿಷ, ಎಷ್ಟು ತೊಳೆದ್ರೂ ಜಾರುತ್ತೆ, ಬಳಸಿದ ಮೇಲೆ ಎಲ್ಲಿ ಹಾಕೋದು ಅನ್ನೋ ತಲೆನೋವು ಬೇರೆ. ಒಂದೇ ಸಲ, ಅಷ್ಟಕ್ಕೇ ಕೈ ಮುಗ್ದೆ.

ಆಮೇಲೆ ಪೈನ್ ಎಣ್ಣೆ ಇರೋ ಕಂದು ಬಣ್ಣದ ಆಂಟಿಸೆಪ್ಟಿಕ್. ಇದು ತೆಗೆಯುತ್ತೆ, ಐಪಿಎಗಿಂತ ಮೆಲ್ಲಗೆ, ಆದ್ರೆ ಚೆನ್ನಾಗಿ ತೆಗೆಯುತ್ತೆ. ಸಮಸ್ಯೆ ಏನಂದ್ರೆ ಎತ್ತಿ ನೇರ ನೀರಿಗೆ ಹಿಡಿದ್ರೆ ಎಲ್ಲ ಹಾಲಿನ ಹಾಗೆ ಬೆಳ್ಳಗಾಗಿ, ಬಿಟ್ಟಿದ್ದ ಬಣ್ಣ ಟಾರಿನ ಥರ ಅಂಟಂಟಾಗಿ ಮತ್ತೆ ಮಾಡೆಲ್‌ಗೇ ಮೆತ್ಕೊಳ್ಳುತ್ತೆ. ಮೊದಲು ಅದೇ ಆಂಟಿಸೆಪ್ಟಿಕ್‌ನಲ್ಲೇ ಉಜ್ಜಿ ಅದರಲ್ಲೇ ಜಾಲಿಸಿ, ಪೂರ್ತಿ ಬಣ್ಣ ಹೋದ ಮೇಲೆ ಮಾತ್ರ ನೀರು. ಇದು ನನಗೆ ಯಾರೂ ಹೇಳಿರ್ಲಿಲ್ಲ. ಒಂದು ಪೈಲಟ್ ಗೊಂಬೆ ಹೋಯ್ತು, ಟೂತ್‌ಬ್ರಷ್ ಹೋಯ್ತು, ಇಡೀ ಮನೆ ಒಂದು ವಾರ ಆಸ್ಪತ್ರೆ ವಾಸನೆ.

ನೇಲ್ ಪಾಲಿಶ್ ರಿಮೂವರ್ ಕತೆ ಹೇಳೋಕೆ ನಾಚಿಕೆ ಆಗುತ್ತೆ ಆದ್ರೂ ಹೇಳ್ತೀನಿ. ಅಸಿಟೋನ್ ಪಾಲಿಸ್ಟೈರೀನನ್ನ ಕರಗಿಸುತ್ತೆ ಅಂತ ನನಗೆ ಗೊತ್ತಿತ್ತು, ಅದಕ್ಕೇ ಜಾಣತನ ಮಾಡಿ "ಅಸಿಟೋನ್ ಇಲ್ಲ" ಅಂತ ದಪ್ಪಕ್ಷರದಲ್ಲಿ ಬರೆದಿದ್ದನ್ನ ತಗೊಂಡೆ. ಹತ್ತಿಯಲ್ಲಿ ಅದ್ದಿ ಸ್ಪಿಟ್‌ಫೈರಿನ ಹೊಟ್ಟೆ ಕೆಳಗಿನ ಡ್ರಾಪ್ ಟ್ಯಾಂಕ್ (ಹೆಚ್ಚುವರಿ ಇಂಧನದ ಟ್ಯಾಂಕ್) ಒರೆಸ್ದೆ. ಬಣ್ಣ ಬಂತು. ಜೊತೆಗೆ ಪ್ಲಾಸ್ಟಿಕ್ಕೂ ಬಂತು. ಹತ್ತಿ ಎಳೆಗಳೆಲ್ಲ ಟ್ಯಾಂಕಿಗೆ ಅಂಟಿ ಅದು ಮುದುಕನ ಗಡ್ಡ ಬಿಟ್ಟ ಹಾಗೆ ನಿಂತಿತ್ತು. ಬಾಟಲಿ ಹಿಂದೆ ತಿರುಗಿಸಿ ಸಣ್ಣಕ್ಷರ ಓದಿದ್ರೆ ಈಥೈಲ್ ಅಸಿಟೇಟ್, ಅದೂ ಪಾಲಿಸ್ಟೈರೀನ್‌ಗೆ ಅಷ್ಟೇ ಶತ್ರು. ಮಾಡಿದ್ದುಣ್ಣೋ ಮಹರಾಯ. ಲ್ಯಾಕರ್ ಥಿನ್ನರ್, ಟೊಲುಯೀನ್, ಮನೆ ಬಾಗಿಲಿನ ಪೇಂಟ್ ಕಿತ್ತು ಹಾಕೋ ರಿಮೂವರ್, ಇವೆಲ್ಲ ಅದೇ ಗುಂಪಿನವು. ಯಾವ ಹೊಸ ದ್ರವ ಆದ್ರೂ ಮೊದಲು ಖಾಲಿ ಸ್ಪ್ರೂ ತುಂಡು ಒಂದನ್ನ ಅದರಲ್ಲಿ ಮುಳುಗಿಸಿ ಒಂದು ಗಂಟೆ ಬಿಟ್ಟು, ಉಗುರಲ್ಲಿ ಒತ್ತಿ ನೋಡಿ, ಮೆತ್ತಗೋ ಅಂಟೋ ಆಗಿದ್ರೆ ಆ ಬಾಟಲಿ ಮಾಡೆಲ್ ಹತ್ರ ತರ್ಬೇಡಿ. ಸ್ಪ್ರೂ ಹೇಗೂ ಬಿಸಾಕೋದೇ, ಅದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ.

ಕಾರು ಮಾಡೋರಿಗೆ ಕ್ರೋಮ್ ಬಗ್ಗೆ ಎರಡು ಮಾತು. ಬಂಪರ್ರು, ವೀಲು, ಕನ್ನಡಿ ಥರ ಹೊಳೀತಾ ಬರ್ತವಲ್ಲ, ಆ ಹೊಳಪು ಬಣ್ಣ ಅಲ್ಲ, ನಿರ್ವಾತದಲ್ಲಿ ಕೂರಿಸಿದ ತೀರಾ ತೆಳುವಾದ ಅಲ್ಯುಮಿನಿಯಂ ಪದರ. ಐಪಿಎ ಅದಕ್ಕೆ ನೇರವಾಗಿ ಏನೂ ಮಾಡಲ್ಲ. ಬಟ್ಟೆಗೆ ಹಾಕೋ ಬ್ಲೀಚ್ ದ್ರವದಲ್ಲಿ ಹಾಕಿ, ನೋಡ್ತಾ ನೋಡ್ತಾ ಹೊಳಪು ಮಾಯ ಆಗುತ್ತೆ, ಮಂತ್ರ ಹಾಕಿದ ಹಾಗೆ. ಅದರ ಅಡಿಯಲ್ಲಿ ಹಳದಿ ಛಾಯೆಯ ಒಂದು ವಾರ್ನಿಶ್ ಪದರ ಉಳಿಯುತ್ತೆ, ಅದಕ್ಕೆ ಐಪಿಎ ಬೇಕು. ಆದ್ರೆ ನಡುವೆ ನೀರಲ್ಲಿ ಚೆನ್ನಾಗಿ, ಅಂದ್ರೆ ಚೆನ್ನಾಗಿ, ತೊಳೀರಿ. ಬ್ಲೀಚೂ ಆಲ್ಕೋಹಾಲೂ ಸೇರ್ಬಾರ್ದು, ಬ್ಲೀಚೂ ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ರೂ ಸೇರ್ಲೇಬಾರ್ದು, ಎರಡರಲ್ಲೂ ವಿಷ ಹುಟ್ಟುತ್ತೆ. ಒಂದೇ ಟೇಬಲ್ ಮೇಲೆ ಎರಡು ಜಾಡಿ ಇಡೋ ಅಭ್ಯಾಸಾನೇ ಬಿಡಿ.

ಕೆನೊಪಿ, ಅಂದ್ರೆ ಪಾರದರ್ಶಕ ಭಾಗಗಳನ್ನ ನಾನು ಮುಳುಗಿಸೋದೇ ಇಲ್ಲ. ಅವು ಬಿರುಸಾದ ಪ್ಲಾಸ್ಟಿಕ್ಕು, ಆಲ್ಕೋಹಾಲ್ ಒಳಗೆ ಜೇಡರ ಬಲೆಯಂಥ ಸಣ್ಣ ಬಿರುಕು ಬಿಟ್ರೆ ಯಾವ ಪಾಲಿಶ್ಶೂ ಸರಿ ಮಾಡಲ್ಲ. ಇಯರ್‌ಬಡ್ ತುದಿಗೆ ಸ್ವಲ್ಪ ಐಪಿಎ, ಚೌಕಟ್ಟಿನ ಮೇಲೆ ಮಾತ್ರ, ಬೇಗ ಒರೆಸಿ ಬೇಗ ತೊಳೆಯೋದು. ಹೊಸದಾಗಿ ಹೊಡೆದ ಬಣ್ಣ ಆದ್ರೆ ಹಲ್ಲುಕಡ್ಡಿಯಲ್ಲಿ ಕೆರೆದ್ರೇ ಬರುತ್ತೆ.

ಬೆಂಕಿ ವಿಷಯ ಹೇಳ್ದೆ ಬಿಟ್ರೆ ತಪ್ಪಾಗುತ್ತೆ. ಐಪಿಎ ಫ್ಲಾಶ್ ಪಾಯಿಂಟ್ ಸುಮಾರು 12 ಡಿಗ್ರಿ ಸೆಲ್ಸಿಯಸ್, ಅಂದ್ರೆ ಮಾಮೂಲಿ ರೂಮಿನ ಬಿಸಿಗೇ ಅದರ ಆವಿ ಕಿಡಿ ತಗುಲಿದ್ರೆ ಹತ್ಕೊಳ್ಳುತ್ತೆ, ಆ ಆವಿ ಗಾಳಿಗಿಂತ ಭಾರ ಬೇರೆ, ಕೆಳಗೆ ಇಳಿದು ನೆಲದ ಮೇಲೆ ಹರ್ಕೊಂಡು ಹೋಗುತ್ತೆ. ಬೇಗ ಕೆಲಸ ಆಗ್ಲಿ ಅಂತ ಬಿಸಿ ಮಾಡೋದು, ಅಲ್ಟ್ರಾಸಾನಿಕ್ ಕ್ಲೀನರ್ ಒಳಗೆ ನೇರವಾಗಿ ಐಪಿಎ ಸುರಿಯೋದು, ಇದನ್ನೆಲ್ಲ ವಿಡಿಯೋದಲ್ಲಿ ಮಾಡಿ ತೋರಿಸೋರು ಇದಾರೆ, ದಯವಿಟ್ಟು ಬೇಡ. ಕಿಟಕಿ ತೆಗೆದು, ಸ್ಟೌ ಇರೋ ರೂಮಿಂದ ದೂರ ಕೂತು, ನೈಟ್ರೈಲ್ ಗ್ಲೌಸ್ ಹಾಕ್ಕೊಂಡು ಮಾಡಿ. ಗ್ಲೌಸ್ ಇಲ್ದೆ ಮಾಡಿದ್ರೆ ಕೈ ಒಣಗಿ ಬಿರುಕು ಬಿಡುತ್ತೆ, ಅದು ನನ್ನ ಕೈ ನೋಡಿದ್ರೆ ಗೊತ್ತಾಗುತ್ತೆ.

ಈಗ ಮುಚ್ಚಳ. ಮೂರು ಕಂಪನಿ ಬಾಟಲಿಗಳಲ್ಲಿ ಒಂದರ ಮುಚ್ಚಳ ಫ್ಲಿಪ್ ಥರದ್ದು, ಒತ್ತಿದ್ರೆ ಸಣ್ಣ ಧಾರೆ, ಆಹಾ ಎಷ್ಟು ಅನುಕೂಲ ಅಂದ್ಕೊಂಡೆ, ಎರಡು ತಿಂಗಳು ಬಿಟ್ಟು ನೋಡಿದ್ರೆ ಬಾಟಲಿ ಮೂರು ಬೆರಳಷ್ಟು ಇಳಿದಿತ್ತು, ಆ ಮುಚ್ಚಳದ ಸಂದಿಯಿಂದ ಸುಮ್ನೆ ಆವಿಯಾಗಿ ಹೋಗಿದೆ. ಅದೂ ಅಲ್ದೆ ಐಪಿಎ ಗಾಳಿಯ ತೇವ ಎಳ್ಕೊಳ್ಳುತ್ತೆ, ಮುಚ್ಚಳ ಸರಿ ಇಲ್ದಿದ್ರೆ 99 ಅಂತ ತಂದಿದ್ದು 99 ಆಗೇ ಉಳಿಯಲ್ಲ. ತಿರುಪು ಮುಚ್ಚಳ, ಒಳಗೆ ಒಂದು ಸೀಲ್ ಇರೋದೇ ತಗೊಳ್ಳಿ, ಸುರಿಯೋಕೆ ಕಷ್ಟ ಆದ್ರೂ ಪರ್ವಾಗಿಲ್ಲ, ಒಂದು ಸಣ್ಣ ಆಲಿಕೆ ಇಟ್ಕೊಂಡ್ರೆ ಆಯ್ತು.

ಬಳಸಿದ ದ್ರವ ಚೆಲ್ಲೋ ಅವಸರ ಬೇಡ. ಜಾಡಿ ಮುಚ್ಚಿ ನಾಲ್ಕೈದು ದಿನ ಅಲ್ಲಾಡಿಸದೆ ಇಟ್ರೆ ಬಣ್ಣ ಎಲ್ಲ ತಳಕ್ಕೆ ಕೂರುತ್ತೆ, ಮೇಲಿಂದ ತಿಳಿಯಾಗಿರೋದನ್ನ ಬೇರೆ ಬಾಟಲಿಗೆ ಬಗ್ಗಿಸ್ಕೊಂಡು ಮುಂದಿನ ಮಾಡೆಲ್‌ನ ಮೊದಲನೇ ಸುತ್ತಿಗೆ ಬಳಸ್ತೀನಿ, ಕೊನೇ ಸುತ್ತಿಗೆ ಮಾತ್ರ ಹೊಸದು. ಹೀಗೆ ಮಾಡೋಕೆ ಶುರು ಮಾಡಿದ ಮೇಲೆ ಒಂದು ಬಾಟಲಿಯಲ್ಲಿ ಆರು ಮಾಡೆಲ್ ಬಂತು, ಮೊದಲನೇ ಬಾಟಲಿ ಎರಡಕ್ಕೇ ಮುಗಿದಿತ್ತು. ತಳದ ಕೆಸರನ್ನ ಚರಂಡಿಗೆ ಹಾಕ್ಬೇಡಿ, ಹೊರಗಡೆ ಬೆಂಕಿ, ಮಕ್ಕಳು ಯಾವುದೂ ಹತ್ರ ಬರದ ಜಾಗದಲ್ಲಿ ಒಣಗಿಸಿದ್ರೆ ಒಂದು ಹಿಡಿ ಬಣ್ಣದ ಪುಡಿ ಉಳಿಯುತ್ತೆ, ಅದನ್ನ ಅಪಾಯಕಾರಿ ಕಸದ ಜೊತೆ ಕೊಡೋದು.

ಸ್ಟಾರ್ ಕೊಡ್ಬೇಕು ಅಂದ್ರೆ ಅಕ್ರಿಲಿಕ್‌ಗೆ ಐದಕ್ಕೆ ಐದು, ಪ್ರೈಮರ್‌ಗೆ ಎರಡು, ಹಳೇ ಎನಾಮಲ್‌ಗೆ ಸೊನ್ನೆ, ಅದು ಐಪಿಎ ತಪ್ಪಲ್ಲ ಬಿಡಿ, ಬಾಟಲಿ ತೆಗೆಯೋ ಮುಂಚೆ ಮೈ ಮೇಲಿರೋದು ಯಾವ ಬಣ್ಣ ಅಂತ ನೋಡ್ದೆ ಇರೋದು ನಮ್ಮ ತಪ್ಪು. ಗೊತ್ತಿಲ್ದಿದ್ರೆ ರೆಕ್ಕೆ ಕೆಳಗಡೆ ಮರೆಯಾಗೋ ಜಾಗದಲ್ಲಿ ಐಪಿಎ ಅದ್ದಿದ ಇಯರ್‌ಬಡ್ ಒಂದು ನಿಮಿಷ ಒತ್ತಿ ಹಿಡೀರಿ, ಬಡ್‌ಗೆ ಬಣ್ಣ ಬಂದ್ರೆ ಜಾಡಿ ತೆಗೀರಿ, ಬರ್ದೆ ಇದ್ರೆ ಗಾಗಲ್ಸ್ ಹುಡುಕಿ.

ಸ್ಪಿಟ್‌ಫೈರ್ ಈಗ ಬೋಳು ಮೈಯಲ್ಲಿ ಒಣಗೋಕೆ ಇಟ್ಟಿದೀನಿ, ಒಡೆದ ರೆಕ್ಕೆ ಮತ್ತೆ ಅಂಟಿಸಾಯ್ತು, ಪ್ಯಾನಲ್ ಲೈನೆಲ್ಲ ಮೊದಲಿನ ಹಾಗೇ ಚೂಪಾಗಿದೆ. ಒಂದೇ ಒಂದು, ಮೈ ಪಕ್ಕದ ಆ ವೃತ್ತದ ಗುರುತಿಗೆ ಡಿಕಾಲ್ (ಅಂಟಿಸೋ ಚಿತ್ರ) ಬದ್ಲು ನಾನೇ ಕೆಂಪು ಹೊಡೆದಿದ್ದೆ, ಆ ಕೆಂಪು ಪ್ಲಾಸ್ಟಿಕ್ ಒಳಗೇ ಇಳಿದು ತಿಳಿ ಗುಲಾಬಿ ಕಲೆಯಾಗಿ ಕೂತಿದೆ, ಮೂರು ಸುತ್ತಾದ್ರೂ ಹೋಗ್ಲಿಲ್ಲ. ಮೇಲೆ ಬೂದು ಬರುತ್ತೆ, ಯಾರಿಗೂ ಕಾಣಲ್ಲ. ಈ ಸಲ ಫೋಟೋ ಕಳಿಸೋ ಮುಂಚೆ ಆ ಗೆಳೆಯನನ್ನೇ ಕೇಳಿದೀನಿ ಯಾವ ಬೂದು ಅಂತ, ಮೇಲೆ ಓಷನ್ ಗ್ರೇ ಕೆಳಗೆ ಮೀಡಿಯಂ ಸೀ ಗ್ರೇ ಅಂತ ಎರಡು ಸಲ ಬಿಡಿಸಿ ಬಿಡಿಸಿ ಹೇಳಿದಾನೆ.